ಓದುಗರ ಪ್ರಶ್ನೆಗೆ ಉತ್ತರ: ಲಾರಿಯ ಮೇಲೆ ರೇಡಿಯೊ ಆಂಟೆನಾಕ್ಕೆ ಜಾಗ ಯಾವುದು?

ಪ್ರಶ್ನೆ: ಮಾನ್ಯರೇ, ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದಿದ್ದೇನೆ. ಸ್ವಂತ ಲಾರಿಯನ್ನು ನಾನೇ ಓಡಿಸುತ್ತೇನೆ. ಅಡಿಕೆ, ಭತ್ತ, ಕೆಲವೊಮ್ಮೆ ಹೆಂಚು ಹೇರಿಕೊಂಡು ಶಿವಮೊಗ್ಗ, ಹೊಸನಗರ ಹಾಗೂ ಹುಲಿಕಲ್ ಘಾಟಿಯ ಕೆಳಗಿನ ಊರುಗಳಿಗೆ ಹೋಗಿಬರುವುದಿದೆ. 144ರಿಂದ 146 ಮೆಗಾಹರ್ಟ್ಸ್‌ನ ಸೆಟ್ಟನ್ನು ಕ್ಯಾಬಿನ್ನಿನಲ್ಲಿ ಕೂರಿಸಿಯಾಗಿದೆ. ಆಂಟೆನಾವನ್ನು ಬಾಡಿಯ ತುದಿಗೆ, ಎಲ್ಲಕ್ಕಿಂತ ಎತ್ತರದಲ್ಲಿ ಹಾಕಿಸಿ ಎಂದು ಒಬ್ಬರು, ಕನ್ನಡಿಯ ಕಂಬಿಗೆ ಕಟ್ಟಿ ಎಂದು ಇನ್ನೊಬ್ಬರು, ಬಂಪರಿಗೆ ಬೋಲ್ಟು ಹಾಕಿದರೆ ಸಾಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಯಾವುದು ಸರಿ?
— ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ಲಾರಿಯ ಕ್ಯಾಬಿನ್ ಚಾವಣಿ ಉಕ್ಕಿನ ತಗಡಿನದಾಗಿದ್ದು, ಅದರ ಮೇಲೆ ಕ್ಯಾರಿಯರ್ ಇಲ್ಲದಿದ್ದರೆ, ಚಾವಣಿಯ ನಡುಭಾಗವನ್ನು ಬಿಟ್ಟು ಬೇರೆ ಜಾಗವನ್ನು ಯೋಚಿಸುವ ಅಗತ್ಯವೇ ಇಲ್ಲ. ಸಲಹೆ ಕೊಟ್ಟ ಮೂವರೂ ಆಂಟೆನಾ ಎಂದರೆ ಮೇಲೆ ಕಾಣುವ ಕಡ್ಡಿ ಎಂದಷ್ಟೇ ಭಾವಿಸಿದಂತಿದೆ. ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ. ಅದರ ಬುಡದ ಸುತ್ತ ಹರಡಿಕೊಂಡಿರುವ ಲೋಹದ ತಗಡು ಉಳಿದರ್ಧ. ಸೆಟ್ಟಿನಿಂದ ಹೊರಟ ವಿದ್ಯುತ್ತು ಕೇಬಲ್ಲಿನ ನಡುತಂತಿಯ ಮೂಲಕ ಕಡ್ಡಿಗೆ ಏರುವಾಗ, ಅಷ್ಟೇ ವಿದ್ಯುತ್ತು ಕೇಬಲ್ಲಿನ ಹೊರಜಾಲರಿಯ ಮೂಲಕ ತಗಡಿನಲ್ಲಿ ಹರಡಿಕೊಳ್ಳಬೇಕಾಗುತ್ತದೆ. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾಗುವುದಿಲ್ಲ. ಬುಡದಲ್ಲಿ ತಗಡು ಸಾಲದೆ ಹೋದರೆ ಆ ವಿದ್ಯುತ್ತು ಕೇಬಲ್ಲಿನ ಹೊರಮೈಯನ್ನೇ ಹಿಡಿದು ಕ್ಯಾಬಿನ್ನಿನೊಳಕ್ಕೆ ಮರಳುತ್ತದೆ; ಮೈಕು ಹಿಡಿದ ಕೈ ಚುರುಕ್ಕೆನ್ನುವುದು, ಕೇಬಲ್ಲನ್ನು ಅತ್ತಿತ್ತ ಸರಿಸಿದಾಗಲೆಲ್ಲ ಮೀಟರಿನ ಮುಳ್ಳು ಕುಣಿಯುವುದು ಇದರ ಲಕ್ಷಣಗಳು.

ಎಷ್ಟು ತಗಡು ಬೇಕು ಎಂಬುದನ್ನು ತರಂಗದ ಉದ್ದ ನಿರ್ಧರಿಸುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಒಂದು ತರಂಗದ ಉದ್ದ ಸುಮಾರು 2.07 ಮೀಟರ್, ಅದರ ಕಾಲು ಭಾಗ ಅರ್ಧ ಮೀಟರಿಗಿಂತ ತುಸು ಹೆಚ್ಚು. ಕಡ್ಡಿಯನ್ನು ಲೆಕ್ಕಕ್ಕಿಂತ ಸ್ವಲ್ಪ ಮೊಟಕಾಗಿಯೇ ಇಡಬೇಕಾಗುವುದರಿಂದ ಕಾಲು ತರಂಗದ ಆಂಟೆನಾ ಸುಮಾರು 49 ಸೆಂಟಿಮೀಟರಿಗೆ ನಿಲ್ಲುತ್ತದೆ. ಅದರ ಸುತ್ತ ಎಲ್ಲ ದಿಕ್ಕಿಗೂ ಅರ್ಧ ಮೀಟರಿನಷ್ಟು ತಗಡು ಸಿಕ್ಕರೆ ಸಾಕು. ಲಾರಿಯ ಕ್ಯಾಬಿನ್ ಚಾವಣಿಯಲ್ಲಿ ಇಷ್ಟು ಜಾಗ ಧಾರಾಳವಾಗಿದೆ, ಬಂಪರಿನಲ್ಲಾಗಲಿ ಕನ್ನಡಿಯ ಕಂಬಿಯಲ್ಲಾಗಲಿ ಇಲ್ಲ. ತೂತು ಹಾಕಿಸುವ ಮೊದಲು ಚಾವಣಿಗೆ ಒಂದು ಸಾಮಾನ್ಯ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಅದು ಫೈಬರ್ ಹೊದಿಕೆಯಾಗಿರಬಹುದು, ಆಗ ಈ ಲೆಕ್ಕವೆಲ್ಲ ಬದಲಾಗುತ್ತದೆ.

ಎತ್ತರದ ವಿಚಾರಕ್ಕೆ ಬರೋಣ. ಬಯಲುಸೀಮೆಯಲ್ಲಿ ಓಡಾಡುವವರಿಗೆ ಬಾಡಿಯ ತುದಿಯಲ್ಲಿ ಹಾಕಿ ಎನ್ನುವ ಸಲಹೆಯಲ್ಲಿ ಸ್ವಲ್ಪ ಅರ್ಥವಿದ್ದೀತು. ಈ ಆವರ್ತನ ಪಟ್ಟಿಯ (ಬ್ಯಾಂಡ್) ತರಂಗಗಳು ಬಹುಮಟ್ಟಿಗೆ ಕಣ್ಣಳತೆಯ ನೇರದಲ್ಲಿ ಸಾಗುವುದರಿಂದ, ಅಡ್ಡಿಯಿಲ್ಲದ ಕಡೆ ಎತ್ತರ ಹೆಚ್ಚಿದಷ್ಟೂ ದೂರ ಹೆಚ್ಚುತ್ತದೆ. ಆದರೆ ಹುಲಿಕಲ್ ಘಾಟಿಯ ತಿರುವಿನಲ್ಲಿ ನಿಮ್ಮ ಎದುರಿಗಿರುವುದು ನೂರಾರು ಮೀಟರ್ ಎತ್ತರದ ಗುಡ್ಡ. ಕ್ಯಾಬಿನ್ನಿನಿಂದ ಬಾಡಿಯ ತುದಿಗೆ ಏರಿಸಿ ನೀವು ಗಳಿಸುವ ಒಂದು ಮೀಟರನ್ನು ಆ ಗುಡ್ಡ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾತು ದಾಟದ ತಿರುವಿನಿಂದ ಸ್ವಲ್ಪ ಮುಂದೆ ಹೋಗಿ, ಕಣಿವೆ ತೆರೆದುಕೊಳ್ಳುವ ಕಡೆ ಲಾರಿಯನ್ನು ಬದಿಗೆ ನಿಲ್ಲಿಸಿ ಮಾತನಾಡುವುದರಿಂದ ಆಗುವ ಲಾಭ ಯಾವ ಕ್ಲಾಂಪಿನಿಂದಲೂ ಆಗುವುದಿಲ್ಲ.

ಎತ್ತರದಿಂದ ಆಗುವ ನಷ್ಟಗಳು ಮಾತ್ರ ಕಣ್ಣಿಗೆ ಕಾಣುವಂಥವು. ಬಾಡಿಯ ಮುಂಭಾಗದ ಚೌಕಟ್ಟಿಗೆ ಹಾಕಿದರೆ ಬುಡದಲ್ಲಿ ಸಿಗುವುದು ಮರದ ಹಲಗೆ ಮತ್ತು ಕಿರಿದಾದ ಕಬ್ಬಿಣದ ಪಟ್ಟಿ. ಲೋಡು ಹೇರುವಾಗ, ಟಾರ್ಪಾಲು ಎಳೆದು ಹಗ್ಗ ಬಿಗಿಯುವಾಗ ಕ್ಲೀನರ್ ಹುಡುಗನ ಕಾಲಿಗೋ ಹಗ್ಗಕ್ಕೋ ಕಡ್ಡಿ ಸಿಕ್ಕಿಕೊಳ್ಳದೆ ಇರದು. ಕೊನೆಗೆ ಅದು ಒದ್ದೆ ಟಾರ್ಪಾಲಿನ ಅಡಿಯಲ್ಲಿ ಮಡಚಿ ಮಲಗಿರುತ್ತದೆ. ಕೇಬಲ್ಲೂ ಉದ್ದವಾಗುತ್ತದೆ. ಸಾಮಾನ್ಯವಾಗಿ ಸಿಗುವ ತೆಳುವಾದ ಆರ್‌ಜಿ-58 ಕೇಬಲ್ ಈ ಆವರ್ತನದಲ್ಲಿ ಐದು ಮೀಟರಿಗೆ ಸುಮಾರು 1 ಡೆಸಿಬೆಲ್, ಅಂದರೆ ಶಕ್ತಿಯ ಐದನೇ ಒಂದು ಭಾಗವನ್ನು ತಾನೇ ನುಂಗಿಕೊಳ್ಳುತ್ತದೆ.

ಮಲೆನಾಡಿನಲ್ಲಿ ನಿಜವಾದ ಎತ್ತರದ ಮಿತಿಯನ್ನು ಹಾಕುವುದು ರಸ್ತೆಯ ಮೇಲೆ ಬಾಗಿದ ಕೊಂಬೆಗಳು. ಮಳೆಗಾಲದಲ್ಲಿ ನೀರು ಹೊತ್ತ ಬಿದಿರು ಮೆಳೆಗಳು ರಸ್ತೆಯ ಅರ್ಧಕ್ಕೆ ಬಗ್ಗಿರುತ್ತವೆ. ಎದುರಿನ ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಸರಿದಾಗ ಲಾರಿಯ ಎಡ ಮೂಲೆ ನೇರವಾಗಿ ಅವುಗಳ ಒಳಗೆ ನುಗ್ಗುತ್ತದೆ. ಅದಕ್ಕಾಗಿಯೇ ನಾನು ಚಾವಣಿಯ ನಡುವನ್ನು, ಅದರಲ್ಲೂ ಮೊಟಕಾದ ಕಾಲು ತರಂಗದ ಕಡ್ಡಿಯನ್ನು ಹೇಳುತ್ತಿರುವುದು. ಅಂಗಡಿಯವರು ಇದಕ್ಕಿಂತ ಉದ್ದವಾದ, ಬುಡದಲ್ಲಿ ಸುರುಳಿಯಿರುವ ಐದು ಅಷ್ಟಮಾಂಶ ತರಂಗದ ಆಂಟೆನಾವನ್ನು ಹೆಚ್ಚು ಒಳ್ಳೆಯದೆಂದು ತೋರಿಸುತ್ತಾರೆ. ಅದು 1.2 ಮೀಟರಿಗೂ ಹೆಚ್ಚು ಉದ್ದವಿರುತ್ತದೆ ಮತ್ತು ಶಕ್ತಿಯನ್ನು ದಿಗಂತದ ಕಡೆಗೆ ಒತ್ತಿ ಕಳಿಸುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆಯ ಬಯಲಿಗೆ ಅದು ಹೊಂದೀತು. ಘಾಟಿಯ ತಳದಿಂದ ಮೇಲಿನ ಗುಡ್ಡದಲ್ಲಿರುವ ಪುನರ್ಪ್ರಸಾರ ಕೇಂದ್ರವನ್ನು (ಬಂದ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ರಿಪೀಟರ್) ತಲುಪಬೇಕಾದವರಿಗೆ ಮೇಲ್ಮುಖವಾಗಿಯೂ ಹರಡುವ ಕಾಲು ತರಂಗದ ಕಡ್ಡಿಯೇ ಸೂಕ್ತ. ಕೊಂಬೆ ಹೊಡೆದು ಮುರಿದರೂ ಅದನ್ನು ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ಬುಡದಲ್ಲಿ ಗಟ್ಟಿಯಾದ ಸ್ಪ್ರಿಂಗ್ ಇರಲಿ. ಸ್ಪ್ರಿಂಗ್ ಮೆತ್ತಗಿದ್ದರೆ ವೇಗದಲ್ಲಿ ಕಡ್ಡಿ ಹಿಂದಕ್ಕೆ ವಾಲುತ್ತದೆ. ಈ ಪಟ್ಟಿಯಲ್ಲಿ ವಾಹನಗಳೂ ಪುನರ್ಪ್ರಸಾರ ಕೇಂದ್ರಗಳೂ ಲಂಬವಾದ ಆಂಟೆನಾವನ್ನೇ ಬಳಸುವುದರಿಂದ ನಿಮ್ಮದೂ ನೆಟ್ಟಗೇ ನಿಂತಿರಬೇಕು.

ಕ್ಯಾಬಿನ್ ಮೇಲೆ ಹಗ್ಗ, ಟಾರ್ಪಾಲು ಇಡುವ ಕ್ಯಾರಿಯರ್ ಇದ್ದರೆ ನಡುಭಾಗ ನಿಮಗೆ ಸಿಗುವುದಿಲ್ಲ. ಆಗ ಮುಂಗಾಜಿನ ಮೇಲಿನ ಅಂಚಿನ ಹಿಂದೆ, ಅಗಲದ ನಟ್ಟನಡುವೆ ಹಾಕಿಸಿ. ಹೀಗೆ ಅಂಚಿಗೆ ಹಾಕಿದ ಆಂಟೆನಾ ಎಲ್ಲ ಕಡೆಗೂ ಸಮನಾಗಿ ಕೆಲಸ ಮಾಡುವುದಿಲ್ಲ. ತಗಡು ಯಾವ ದಿಕ್ಕಿಗೆ ಹೆಚ್ಚು ಹರಡಿದೆಯೋ ಆ ದಿಕ್ಕಿಗೆ ಬಲ ಹೆಚ್ಚು. ಹಿಂದೆ ಉಕ್ಕಿನ ಎತ್ತರದ ಬಾಡಿಯಿದ್ದರೆ ಅದು ಗೋಡೆಯಾಗಿ ಹಿಂದಿನ ದಿಕ್ಕನ್ನು ಮರೆಮಾಡುತ್ತದೆ ಎಂಬುದೂ ನೆನಪಿರಲಿ. ಆ ಗೋಡೆಯಿಂದ ಅರ್ಧ ಮೀಟರಿಗಿಂತ ಹೆಚ್ಚು ಅಂತರ ಬಿಡುವುದು ಕ್ಷೇಮ.

ಕನ್ನಡಿಯ ಕಂಬಿ ಕೊನೆಯ ಆಯ್ಕೆ. ಕಂಬಿ ಕೀಲುಗಳ ಮೇಲೆ, ಕೆಲವೊಮ್ಮೆ ರಬ್ಬರ್ ಬುಷ್ಷುಗಳ ಮೇಲೆ ನಿಂತಿರುವುದರಿಂದ ಬಾಡಿಯೊಂದಿಗೆ ಅದರ ವಿದ್ಯುತ್ ಸಂಪರ್ಕ ನಂಬಲರ್ಹವಲ್ಲ. ಎಡಗನ್ನಡಿಗೆ ಕೊಂಬೆಗಳ ಕಾಟ, ಬಲಗನ್ನಡಿಗೆ ಎದುರು ವಾಹನಗಳ ಕಾಟ. ಅದಕ್ಕಿಂತ ಮುಖ್ಯವಾಗಿ, ಬಲಗಡೆ ಹಾಕಿದರೆ 25ರಿಂದ 50 ವ್ಯಾಟ್ ಹೊರಸೂಸುವ ಕಡ್ಡಿ ಕಿಟಕಿಯ ಆಚೆ ನಿಮ್ಮ ತಲೆಗೆ ಅರ್ಧ ಮೀಟರ್ ದೂರದಲ್ಲಿರುತ್ತದೆ. ಚಾವಣಿಯ ಮೇಲಿದ್ದರೆ ನಡುವಿನ ಉಕ್ಕಿನ ತಗಡು ನಿಮ್ಮನ್ನು ಕಾಯುತ್ತದೆ. ಅನಿವಾರ್ಯವಾಗಿ ಕನ್ನಡಿಗೇ ಹಾಕಬೇಕಾದರೆ, ಅಥವಾ ಚಾವಣಿ ಫೈಬರಿನದಾಗಿದ್ದರೆ, ತಗಡಿನ ಹಂಗಿಲ್ಲದೆ ಕೆಲಸ ಮಾಡುವ ಅರ್ಧ ತರಂಗದ ಆಂಟೆನಾವನ್ನು, ಅಂದರೆ ಸುಮಾರು ಒಂದು ಮೀಟರಿನದನ್ನು, ಕೊಳ್ಳಿ. ಬಂಪರಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಹಿಂದಿನ ದಿಕ್ಕನ್ನು ಇಡೀ ಕ್ಯಾಬಿನ್ ಮರೆಮಾಡುತ್ತದೆ, ಉಳಿದದ್ದನ್ನು ಕೆಸರು ನೋಡಿಕೊಳ್ಳುತ್ತದೆ.

ಜಾಗ ನಿರ್ಧಾರವಾದ ಮೇಲೆ ಕೆಲಸ ಅಚ್ಚುಕಟ್ಟಾಗಿರಬೇಕು. ತೂತು ಕೊರೆಯುವ ಮುನ್ನ ಒಳಗಿನ ಸೀಲಿಂಗ್ ಬಿಚ್ಚಿಸಿ, ಅಡ್ಡಪಟ್ಟಿಯಾಗಲಿ ದೀಪದ ವೈರಾಗಲಿ ಆ ಜಾಗದಲ್ಲಿಲ್ಲವೆಂದು ನೋಡಿಕೊಳ್ಳಿ. ತೂತಿನ ಒಳಬದಿಯಲ್ಲಿ, ಬುಡದ ಉಂಗುರ ಕೂರುವಷ್ಟು ಅಗಲಕ್ಕೆ ಮಾತ್ರ ಬಣ್ಣ ಕೆರೆಸಿ, ಹಲ್ಲಿನ ವಾಷರ್ ಹಾಕಿ ಬಿಗಿಸಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿಸಿ. ಕೊರೆದ ಅಂಚಿಗೆ ತುಕ್ಕುನಿರೋಧಕ ಬಣ್ಣ ಬೇಕೇ ಬೇಕು. ಲಾರಿಯ ಕ್ಯಾಬಿನ್ ರಬ್ಬರ್ ಬುಷ್ಷುಗಳ ಮೇಲೆ ಕೂತಿರುವುದರಿಂದ, ಕ್ಯಾಬಿನ್ನಿಗೂ ಚಾಸಿಸ್ಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬೋಲ್ಟು ಮಾಡಿಸುವುದು ಒಳ್ಳೆಯದು. ಕ್ಯಾಬಿನ್ನನ್ನು ಮುಂದಕ್ಕೆ ಮಗುಚುವ ಲಾರಿಯಾದರೆ ಪಟ್ಟಿಗೆ ಅಷ್ಟು ಸಡಿಲು ಬಿಡುವುದನ್ನು ಮೆಕ್ಯಾನಿಕ್ಕಿಗೆ ಮೊದಲೇ ಹೇಳಿ.

ಕೊನೆಯಲ್ಲಿ ಎಸ್‌ಡಬ್ಲ್ಯುಆರ್ ಮೀಟರಿನಿಂದ ಅಳೆಯಿರಿ. ಆಂಟೆನಾ ಸ್ವೀಕರಿಸದೆ ಹಿಂದಿರುಗಿಸುವ ಶಕ್ತಿಯನ್ನು ಅದು ತೋರಿಸುತ್ತದೆ: 1.5 ಬಂದರೆ ಶೇಕಡ 4ರಷ್ಟು, 2 ಬಂದರೆ ಶೇಕಡ 11ರಷ್ಟು, 3 ಬಂದರೆ ಶೇಕಡ 25ರಷ್ಟು ಹಿಂದಿರುಗುತ್ತಿದೆ ಎಂದರ್ಥ. 144, 145, 146 ಮೂರರಲ್ಲೂ ಅಳೆಯಬೇಕು. 144ರ ಕಡೆ ಕಡಿಮೆಯಿದ್ದು 146ರ ಕಡೆ ಏರಿದರೆ ಕಡ್ಡಿ ಉದ್ದವಾಗಿದೆ. ಒಂದೊಂದೇ ಮಿಲಿಮೀಟರಿನಂತೆ ಕತ್ತರಿಸುತ್ತ ಬನ್ನಿ. ತದ್ವಿರುದ್ಧವಾಗಿದ್ದರೆ ಕಡ್ಡಿ ಮೊಟಕಾಗಿದೆ. ಮೂರರಲ್ಲೂ ಒಂದೇ ಸಮನೆ ಹೆಚ್ಚಿದ್ದರೆ ಕಡ್ಡಿಯನ್ನು ಮುಟ್ಟಬೇಡಿ, ದೋಷ ಬುಡದ ಸಂಪರ್ಕದಲ್ಲೋ ಕೇಬಲ್ಲಿನ ಜೋಡಣೆಯಲ್ಲೋ ಇದೆ. ಅಳತೆಯನ್ನು ಶೆಡ್ಡಿನೊಳಗೆ ಮಾಡದೆ, ಸುತ್ತ ಗೋಡೆ, ತಗಡು, ಇನ್ನೊಂದು ಲಾರಿ ಇಲ್ಲದ ಬಯಲಿನಲ್ಲಿ, ಕ್ಯಾಬಿನ್ ಬಾಗಿಲು ಮುಚ್ಚಿ ಮಾಡಿ.

ಪ್ರಶ್ನೆ: ಅಮೆರಿಕದ ಲಾರಿಗಳಲ್ಲಿ ಎರಡೂ ಕನ್ನಡಿಗಳಿಗೆ ಉದ್ದುದ್ದ ಆಂಟೆನಾ ಹಾಕಿ ಸಿ.ಬಿ. ರೇಡಿಯೊ ಬಳಸುವುದನ್ನು ವಿಡಿಯೊಗಳಲ್ಲಿ ನೋಡಿದ್ದೇನೆ. ನಮ್ಮಲ್ಲಿ ಎರಡು ಲಾರಿಗಳಿವೆ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಡೆ ಚಾಲಕರು ಪರಸ್ಪರ ಮಾತನಾಡಲು ನಾವೂ ಹಾಗೆ ಮಾಡಬಹುದೇ?
— ಸಾಗರದ ಓದುಗರು

ಉತ್ತರ: ಸಿ.ಬಿ. (ಸಿಟಿಜನ್ಸ್ ಬ್ಯಾಂಡ್, ಅಂದರೆ ಜನಸಾಮಾನ್ಯರ ಬಳಕೆಯ) ರೇಡಿಯೊ ಕೆಲಸ ಮಾಡುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ತರಂಗದ ಉದ್ದ ಸುಮಾರು 11 ಮೀಟರ್, ಕಾಲು ಭಾಗವೆಂದರೂ 2.7 ಮೀಟರಿಗಿಂತ ಹೆಚ್ಚು. ನೀವು ನೋಡಿದ ಆಂಟೆನಾಗಳು ಅಷ್ಟು ಉದ್ದವಿರುವುದು ಇದೇ ಕಾರಣಕ್ಕೆ. ಇನ್ನೂ ಮೊಟಕಾಗಿ ಕಾಣುವವುಗಳಲ್ಲಿ ತಂತಿಯನ್ನು ಸುರುಳಿ ಸುತ್ತಿರುತ್ತಾರೆ, ಹಾಗೆ ಮಾಡಿದಾಗ ಶಕ್ತಿಯಲ್ಲಿ ಸ್ವಲ್ಪ ಪಾಲು ನಷ್ಟವಾಗುತ್ತದೆ. ಎರಡು ಕಡ್ಡಿಗಳನ್ನು ಒಂದೇ ಸೆಟ್ಟಿಗೆ ಜೋಡಿಸಿದಾಗ ಶಕ್ತಿ ಬದಿಗಳಿಗೆ ಕಡಿಮೆಯಾಗಿ ಮುಂದಕ್ಕೂ ಹಿಂದಕ್ಕೂ ಹೆಚ್ಚುತ್ತದೆ. ನೂರಾರು ಕಿಲೋಮೀಟರ್ ನೇರವಾಗಿ ಸಾಗುವ ಹೆದ್ದಾರಿಗೆ ಅದು ಹೇಳಿ ಮಾಡಿಸಿದ ವ್ಯವಸ್ಥೆ. ಆದರೆ ಅದು ಸರಿಯಾಗಿ ಫಲಿಸಲು ಎರಡು ಕಡ್ಡಿಗಳ ನಡುವೆ ಕಾಲು ತರಂಗದಷ್ಟಾದರೂ ಅಂತರವಿರಬೇಕು. ನಮ್ಮಲ್ಲಿ ವಾಹನದ ಅಗಲಕ್ಕೆ ನಿಯಮವಿಟ್ಟಿರುವ ಮಿತಿಯೇ 2.6 ಮೀಟರ್, ಚಿಕ್ಕ ಲಾರಿಗಳ ಅಗಲ ಅದಕ್ಕಿಂತಲೂ ಬಹಳ ಕಡಿಮೆ. ಸಾಗರದಿಂದ ಹೊನ್ನಾವರದ ಕಡೆಗೆ ಇಳಿಯುವಾಗ ನಿಮ್ಮ ಮುಂದಿನ ಲಾರಿ ಒಂದು ತಿರುವಿನಲ್ಲಿ ಎದುರಿಗಿದ್ದರೆ ಮರು ತಿರುವಿನಲ್ಲಿ ಪಕ್ಕದಲ್ಲಿರುತ್ತದೆ. ಹೀಗಿರುವಾಗ ಮುಂದಕ್ಕೆ ಹಿಂದಕ್ಕೆ ಮಾತ್ರ ಬಲವಾಗಿ ಕೇಳಿಸುವ ಜೋಡಿಯಿಂದ ಏನು ಪ್ರಯೋಜನ? ನಡುವೆ ನಿಲ್ಲಿಸಿದ ಒಂದೇ ಕಡ್ಡಿ ಮೇಲು.

ಉದ್ದ ಕಡ್ಡಿಯ ಇನ್ನೊಂದು ಅಪಾಯ ವಿದ್ಯುತ್ ತಂತಿಯದು. ರಸ್ತೆಗೆ ಅಡ್ಡಲಾಗಿ ಹಾಯುವ ಕಡಿಮೆ ವೋಲ್ಟೇಜಿನ ತಂತಿ ನೆಲದಿಂದ ಕನಿಷ್ಠ 5.8 ಮೀಟರ್, ಹನ್ನೊಂದು ಸಾವಿರ ವೋಲ್ಟಿನಂಥ ಹೆಚ್ಚು ಒತ್ತಡದ್ದು ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಮೂರು ಮೀಟರಿನ ಸಮೀಪದಲ್ಲಿರುವ ಚಾವಣಿಯ ಮೇಲೆ 2.7 ಮೀಟರಿನ ಕಡ್ಡಿ ನಿಲ್ಲಿಸಿದರೆ ಉಳಿಯುವ ಅಂತರ ಎಷ್ಟೆಂದು ನೀವೇ ಲೆಕ್ಕ ಹಾಕಿ. ತೋಟದ ಮನೆಗಳ ಅಂಗಳಕ್ಕೆ, ಅಡಿಕೆ ಮಂಡಿಯ ಹಿತ್ತಲಿಗೆ ಲಾರಿ ತಿರುಗಿಸುವಾಗ ಜೋತುಬಿದ್ದ ತಂತಿಗಳು ಆ ನಿಯಮವನ್ನು ಪಾಲಿಸುತ್ತಿರುತ್ತವೆ ಎಂದು ನಂಬಿ ಕೂರುವಂತಿಲ್ಲ.

ಇನ್ನು ಕಾನೂನು. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, 5 ವ್ಯಾಟ್ ಮೀರದ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಈ ವಿನಾಯಿತಿ ಷರತ್ತುಗಳಿಗೆ ಒಳಪಟ್ಟದ್ದು. ಅಮೆರಿಕದ 40 ಚಾನೆಲ್ಲುಗಳ ಸೆಟ್ಟು 27.405 ಮೆಗಾಹರ್ಟ್ಸ್‌ವರೆಗೆ ಹೋಗುವುದರಿಂದ ಅದರ ಮೇಲಿನ ಚಾನೆಲ್ಲುಗಳು ನಮ್ಮ ಪಟ್ಟಿಯ ಹೊರಗೇ ಬೀಳುತ್ತವೆ. ಆದ್ದರಿಂದ ಕೊಳ್ಳುವ ಮೊದಲು ಉಪಕರಣಕ್ಕೆ ಭಾರತದ ಮಾನ್ಯತಾ ಪತ್ರವಿದೆಯೇ ಎಂದು ಕೇಳಿ. ಹೊರಗಿನ ಆಂಟೆನಾ ಜೋಡಿಸುವ ಮೊದಲು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗದಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಹ್ಯಾಮ್ ಪರವಾನಗಿಯನ್ನು ಈ ಕೆಲಸಕ್ಕೆ ಬಳಸಿಕೊಳ್ಳುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದು ವ್ಯಕ್ತಿಗೆ ಕೊಡುವ ಪರವಾನಗಿ. ಪರವಾನಗಿಯಿಲ್ಲದ ಚಾಲಕ ತಾನೇ ಸೆಟ್ಟು ಹಿಡಿದು ಮಾತನಾಡುವಂತಿಲ್ಲ, ಬಾಡಿಗೆ, ಲೋಡು, ದರದಂಥ ವ್ಯಾಪಾರದ ಮಾತಿಗೆ ಅಲ್ಲಿ ಅವಕಾಶವೂ ಇಲ್ಲ. ತೀರ್ಥಹಳ್ಳಿಯ ಓದುಗರೂ ಇದನ್ನು ಗಮನಿಸಬೇಕು: ಘಾಟಿಯಲ್ಲಿ ಗುಡ್ಡ ಕುಸಿದಿದೆ ಎಂದು ಇನ್ನೊಬ್ಬ ಹ್ಯಾಮ್‌ಗೆ ತಿಳಿಸಬಹುದು, ಅಡಿಕೆಯ ಬಾಡಿಗೆ ಕುದುರಿಸುವಂತಿಲ್ಲ. ವ್ಯವಹಾರಕ್ಕಾಗಿಯೇ ಬೇಕಾದರೆ ಸ್ವಂತ ಬಳಕೆಯ ವೈರ್‌ಲೆಸ್ ಪರವಾನಗಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕಾಗುತ್ತದೆ.

ಪ್ರಶ್ನೆ: ನಮ್ಮದು ವಿಪರೀತ ಮಳೆಯ ಊರು. ಚಾವಣಿಗೆ ತೂತು ಹಾಕಿದರೆ ನೀರು ಇಳಿಯುವುದಿಲ್ಲವೇ? ಗುಡುಗು ಸಿಡಿಲಿನ ಸಮಯದಲ್ಲಿ ಲಾರಿಯ ಮೇಲೆ ಆಂಟೆನಾ ಇರುವುದು ಅಪಾಯವಲ್ಲವೇ?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಆಗುಂಬೆ, ಹುಲಿಕಲ್ಲಿನಂಥ ಕಡೆ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ಮೀರುವುದರಿಂದ ನಿಮ್ಮ ಆತಂಕ ಸಹಜ. ಆದರೆ ಅನುಭವದಲ್ಲಿ ತೂತಿಗಿಂತ ಹೆಚ್ಚು ತೊಂದರೆ ಕೊಡುವುದು ಕೇಬಲ್. ರಬ್ಬರ್ ಉಂಗುರ ಸಮನಾಗಿ ಕೂತ ತೂತಿನಿಂದ ನೀರು ಇಳಿಯುವುದು ಅಪರೂಪ. ಬದಲಿಗೆ, ಹೊರಗಿನ ಕ್ಲಾಂಪಿಗೆ ಹಾಕಿದ ಆಂಟೆನಾದ ಕನೆಕ್ಟರಿನೊಳಗೆ ಒಮ್ಮೆ ನೀರು ಹೊಕ್ಕರೆ ಅದು ಹೊರಜಾಲರಿಯ ಎಳೆಗಳ ನಡುವೆ ಹೀರಿಕೊಂಡು ಮೊಳಗಟ್ಟಲೆ ಸಾಗುತ್ತದೆ, ತಾಮ್ರ ಕಪ್ಪಾಗುತ್ತದೆ. ಹೊರಗೆ ಕೇಬಲ್ ಹೊಸದರಂತೆಯೇ ಕಾಣುತ್ತಿದ್ದರೂ ಒಳಗೆ ಅದು ಕೆಲಸಕ್ಕೆ ಬಾರದಾಗಿರುತ್ತದೆ. ಹಾಗಾಗಿ ಕನೆಕ್ಟರಿನ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಸಾಮಾನ್ಯ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹಂಚಿನ ಸಾಲಿನಂತೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದರೆ ನೀರು ಜಾರಿಹೋಗುತ್ತದೆ. ಕೇಬಲ್ ಕ್ಯಾಬಿನ್ನಿನೊಳಗೆ ಹೋಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಒಂದು ಬಾಗು ಬಿಡಿಸಿ ಮತ್ತೆ ಮೇಲಕ್ಕೆ ತಂದು ಒಳಗೆ ಬಿಟ್ಟರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಸ್‌ಡಬ್ಲ್ಯುಆರ್ ಬರೆದಿಟ್ಟುಕೊಂಡರೆ ನೀರು ಹೊಕ್ಕಿದ್ದು ಅಂಕಿಗಳಲ್ಲೇ ತಿಳಿಯುತ್ತದೆ.

ಸಿಡಿಲಿನ ಕಾಟ ನಮ್ಮಲ್ಲಿ ಜುಲೈನ ಜಡಿಮಳೆಯಲ್ಲಿರುವುದಕ್ಕಿಂತ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಅಕ್ಟೋಬರಿನ ಮಳೆಯಲ್ಲಿ ಹೆಚ್ಚು. ಮುಚ್ಚಿದ ಉಕ್ಕಿನ ಕ್ಯಾಬಿನ್ ಒಳಗಿದ್ದವರನ್ನು ಕಾಯುತ್ತದೆ. ಕಾಯುವುದು ಟೈರಿನ ರಬ್ಬರಲ್ಲ, ವಿದ್ಯುತ್ತನ್ನು ತನ್ನ ಹೊರಮೈಯಲ್ಲೇ ನೆಲದ ಕಡೆಗೆ ಸಾಗಿಸುವ ಉಕ್ಕಿನ ಹೊದಿಕೆ. ಆದರೆ ಆಂಟೆನಾದ ಕೇಬಲ್ ಆ ಹೊದಿಕೆಯನ್ನು ದಾಟಿ ಒಳಗೆ ಬಂದಿರುತ್ತದೆ. ಮೋಡ ಕವಿಯುತ್ತಿರುವಾಗಲೇ ಅದನ್ನು ಸೆಟ್ಟಿನಿಂದ ಬಿಚ್ಚಿ ದೂರವಿಡಿ; ಗುಡುಗು ತಲೆಯ ಮೇಲೆ ಬಂದ ಮೇಲೆ ಕೇಬಲ್ಲನ್ನಾಗಲಿ ಮೈಕನ್ನಾಗಲಿ ಮುಟ್ಟಲು ಹೋಗಬೇಡಿ. ಒಂಟಿ ಮರದ ಅಡಿಯಲ್ಲಿ, ಬೋಳು ಗುಡ್ಡದ ನೆತ್ತಿಯಲ್ಲಿ ಲಾರಿ ನಿಲ್ಲಿಸದಿರುವುದು ಆಂಟೆನಾ ಇಲ್ಲದವರಿಗೂ ಅನ್ವಯಿಸುವ ಮಾತು.

ಪ್ರಶ್ನೆ: ತೂತು ಹಾಕದೆ ಅಯಸ್ಕಾಂತದ ಬುಡದ ಆಂಟೆನಾ ಇಟ್ಟರೆ ಸಾಲದೇ?
— ಶಿವಮೊಗ್ಗದ ಓದುಗರು

ಉತ್ತರ: 144 ಮೆಗಾಹರ್ಟ್ಸ್‌ನ ಮೊಟಕು ಕಡ್ಡಿಗೆ ಸಾಲುತ್ತದೆ, ಬಣ್ಣದ ತೆಳುಪದರದ ಮೂಲಕವೇ ಬುಡಕ್ಕೂ ತಗಡಿಗೂ ಬೇಕಾದಷ್ಟು ಸಂಬಂಧ ಏರ್ಪಡುತ್ತದೆ. ಜಾಗ ಗೊತ್ತುಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ: ಚಾವಣಿಯ ಬೇರೆ ಬೇರೆ ಕಡೆ ಇಟ್ಟು ಅಳೆದು, ಒಳ್ಳೆಯ ಫಲ ಕೊಟ್ಟ ಕಡೆ ಕಾಯಂ ಆಗಿ ಕೂರಿಸಬಹುದು. ವರ್ಷಪೂರ್ತಿ ಅದನ್ನೇ ಬಳಸುವುದಾದರೆ ಆಗಾಗ ಎತ್ತಿ ಅಡಿಯನ್ನು ಒರೆಸಿ, ಇಲ್ಲವಾದರೆ ಸಿಕ್ಕಿಕೊಂಡ ಮರಳು ಮತ್ತು ನೀರು ಬಣ್ಣ ಕಿತ್ತು ತುಕ್ಕು ಹಿಡಿಸುತ್ತವೆ. ಕೊಂಬೆ ಹೊಡೆದರೆ ಕಡ್ಡಿ ಮುರಿಯುವ ಬದಲು ಇಡೀ ಆಂಟೆನಾವೇ ಜಾರಿಬಿದ್ದು ಕೇಬಲ್ಲಿಗೆ ಜೋತಾಡುತ್ತ ಹಿಂದೆ ಬರುತ್ತದೆ. ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗದಂತೆ ರಬ್ಬರಿನ ಅಂಚು ಮೆತ್ತಗಿರುವ ಕಡೆಯಿಂದ ಒಳಗೆ ತನ್ನಿ.

ಪ್ರಶ್ನೆ: ಎಂಜಿನ್ ಚಾಲೂ ಮಾಡಿದೊಡನೆ ಸೆಟ್ಟಿನಲ್ಲಿ ಕುಂಯ್ಗುಡುವ ಶಬ್ದ ಬರುತ್ತದೆ. ಆಂಟೆನಾದ ಜಾಗ ಬದಲಿಸಿದರೆ ಹೋಗುತ್ತದೆಯೇ?
— ಸೊರಬದ ಓದುಗರು

ಉತ್ತರ: ಜಾಗ ಬದಲಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಎಂಜಿನ್ ಓಡುತ್ತಿರುವಾಗ ಆಂಟೆನಾದ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ. ಆಗ ಮೈಕಿನ ಗುಂಡಿ ಒತ್ತಬಾರದು. ಶಬ್ದ ಹಾಗೆಯೇ ಉಳಿದರೆ ಅದು ಬರುತ್ತಿರುವುದು ವಿದ್ಯುತ್ ಪೂರೈಕೆಯ ತಂತಿಯಿಂದ, ಆಂಟೆನಾವನ್ನು ಎಲ್ಲಿಟ್ಟರೂ ಹೋಗುವುದಿಲ್ಲ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳ 24 ವೋಲ್ಟ್ ವ್ಯವಸ್ಥೆಯಿರುತ್ತದೆ, ಸೆಟ್ಟಿಗೆ ಬೇಕಾದುದು 13.8 ವೋಲ್ಟ್. ಒಂದೇ ಬ್ಯಾಟರಿಯಿಂದ ತಂತಿ ಎಳೆದರೆ ಎರಡು ಬ್ಯಾಟರಿಗಳ ಸಮತೋಲ ಕೆಟ್ಟು ಬೇಗ ಹಾಳಾಗುತ್ತವೆ. ಅಗ್ಗದ ಪರಿವರ್ತಕ ಹಾಕಿದರೆ ಅದೇ ಶಬ್ದದ ಮೂಲವಾಗುತ್ತದೆ. ಒಳ್ಳೆಯ ಪರಿವರ್ತಕ ಹಾಕಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಿಸಿ. ಕೇಬಲ್ ಬಿಚ್ಚಿದಾಗ ಶಬ್ದ ನಿಂತರೆ ಮಾತ್ರ ಆಂಟೆನಾವೇ ಅದನ್ನು ಹಿಡಿಯುತ್ತಿದೆ ಎಂದರ್ಥ. ಆಗ ಅದನ್ನು ವೈಪರ್ ಮೋಟಾರು, ಡ್ಯಾಶ್‌ಬೋರ್ಡಿನ ವೈರಿಂಗ್‌ಗಳಿಂದ ದೂರಕ್ಕೆ, ಅಂದರೆ ಮುಂಗಾಜಿನ ಅಂಚಿನಿಂದ ಚಾವಣಿಯ ಹಿಂಭಾಗದ ಕಡೆಗೆ ಸರಿಸಿ ನೋಡಿ, ಮತ್ತು ಆಂಟೆನಾದ ಕೇಬಲ್ಲನ್ನು ಪರಿವರ್ತಕದ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯದೆ ಕ್ಯಾಬಿನ್ನಿನ ಇನ್ನೊಂದು ಬದಿಯಿಂದ ತನ್ನಿ.